ಇಗರ್ಜಿಯ ಫ್ರಿಜ್ಜಿನಲ್ಲಿ ಹಾವಿನ ಮದ್ದು ಇಡಬಹುದೇ?



ಮಳೆಗಾಲಕ್ಕೆ ಮುಂಚಿತವಾಗಿ ನಡೆದ ನಮ್ಮ ಕೃಷಿಕರ ಕೂಟದಲ್ಲಿ ಹಿರಿಯ ಗುರ್ಕಾರರೊಬ್ಬರು ಎದ್ದುನಿಂತು ಒಂದು ಮಾತು ಕೇಳಿದರು: “ಫಾದರ್, ನಾವೆಲ್ಲ ಸೇರಿ ಹಣ ಹಾಕುತ್ತೇವೆ. ಹಾವು ಕಚ್ಚಿದರೆ ಕೊಡುವ ಇಂಜೆಕ್ಷನ್ ನಾಲ್ಕು ಸೀಸೆ ತರಿಸಿ ಇಗರ್ಜಿಯ ಫ್ರಿಜ್ಜಿನಲ್ಲಿ ಇಟ್ಟರಾಗದೇ? ನರ್ಸಿಂಗ್ ಕಲಿತ ಮಕ್ಕಳು ನಮ್ಮಲ್ಲೇ ಇದ್ದಾರಲ್ಲ.” ಕೂಟದಲ್ಲಿದ್ದ ಹಲವರು ಹೌದೆಂದು ತಲೆಯಾಡಿಸಿದರು.

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಆಟಿ ತಿಂಗಳಲ್ಲಿ ಅವರ ಅಣ್ಣನ ಮಗ ಅಡಿಕೆ ತೋಟದಲ್ಲಿ ಬಿದ್ದ ಹಾಳೆ ಹೆಕ್ಕುತ್ತಿದ್ದಾಗ ಮಂಡಲದ ಹಾವು ಪಾದಕ್ಕೆ ಕಚ್ಚಿತ್ತು. ಜೀಪಿನಲ್ಲಿ ಹೊರಟವರ ಜೊತೆ ನಾನೂ ಇದ್ದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಔಷಧ ಮುಗಿದಿತ್ತು. ಎರಡನೆಯದರಲ್ಲಿ ಇದ್ದದ್ದು ಎರಡೇ ಸೀಸೆ. ಮೂರನೆಯ ಆಸ್ಪತ್ರೆಗೆ ಮುಟ್ಟುವಾಗ ಕಚ್ಚಿ ನಾಲ್ಕು ಗಂಟೆ ಕಳೆದಿತ್ತು. ಹುಡುಗ ಬದುಕಿದ. ಆದರೆ ಮೂತ್ರಪಿಂಡ ಕೆಲಸ ನಿಲ್ಲಿಸಿ ಕೆಲವು ವಾರ ಡಯಾಲಿಸಿಸ್ ಮಾಡಿಸಬೇಕಾಯಿತು, ಕಾಲಿನ ಎರಡು ಬೆರಳು ಹೋದವು.

ಗುರ್ಕಾರರ ಪ್ರಶ್ನೆಗೆ ಆ ದಿನ ನಾನು “ಆಗದು” ಎಂದಷ್ಟೇ ಹೇಳಿ ಕುಳಿತೆ. ಮನೆಯ ಹುಡುಗನನ್ನು ಆ ಸ್ಥಿತಿಯಲ್ಲಿ ಕಂಡವರಿಗೆ ಅಷ್ಟು ಉತ್ತರ ಸಾಲದು. ಆ ಚಿಕ್ಕ ಸೀಸೆ ಎಲ್ಲಿಂದ ಹೊರಟು, ಯಾರ ಯಾರ ಕೈದಾಟಿ, ಎಷ್ಟು ಕಾಲ ತೆಗೆದುಕೊಂಡು ನಮ್ಮ ಆಸ್ಪತ್ರೆಯ ಕಪಾಟಿಗೆ ಬಂದು ಸೇರುತ್ತದೆ ಎಂಬುದನ್ನು ತಿಳಿದರೆ ಏಕೆ ಆಗದು, ಅದರ ಬದಲು ಏನು ಆಗುತ್ತದೆ ಎಂಬ ಎರಡೂ ಸ್ಪಷ್ಟವಾಗುತ್ತವೆ. ಈ ತಿಂಗಳ ಪಾಠ ಅದೇ.

ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ರಾಸಾಯನಿಕ ಕಾರ್ಖಾನೆಯ ಸರಕು. ಬೇಡಿಕೆ ಹೆಚ್ಚಾದರೆ ಯಂತ್ರವನ್ನು ಇನ್ನೊಂದು ಪಾಳಿ ಓಡಿಸಿದರಾಯಿತು. ಇನ್ಸುಲಿನ್, ಲಸಿಕೆಗಳು, ಹುಚ್ಚುನಾಯಿ ಕಡಿತಕ್ಕೆ ಕೊಡುವ ಸೀರಮ್, ಹಾವಿನ ಪ್ರತಿವಿಷ, ಇವುಗಳ ಜಾತಿಯೇ ಬೇರೆ. ಇವು ಜೀವಿಗಳ ಮೈಯಲ್ಲಿ ಅಥವಾ ಜೀವಕೋಶಗಳಲ್ಲಿ ಹುಟ್ಟುವ ಔಷಧಗಳು. ಜೈವಿಕ ಔಷಧಗಳು ಎಂದು ಕರೆಯುತ್ತಾರೆ. ಜೀವಿಗೆ ಅದರದೇ ಆದ ಕಾಲವಿದೆ. ಅಡಿಕೆಗೆ ಬೆಲೆ ಏರಿತೆಂದು ಇಂದು ಸಸಿ ನೆಟ್ಟರೆ ಈ ವರ್ಷವೇ ಗೊನೆ ಬರುವುದಿಲ್ಲ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಪ್ರತಿವಿಷದ ಕಥೆಯೂ ಅಂಥದ್ದೇ.

ಫ್ರಾನ್ಸಿನ ಆಲ್ಬೆರ್ ಕಾಲ್ಮೆತ್ ಎಂಬ ವೈದ್ಯ 1890ರ ದಶಕದಲ್ಲಿ ನಾಗರಹಾವಿನ ವಿಷಕ್ಕೆ ಮೊದಲ ಪ್ರತಿವಿಷ ತಯಾರಿಸಿದ. ಕೆಲವೇ ವರ್ಷಗಳಲ್ಲಿ ಬ್ರೆಜಿಲ್ ದೇಶದ ವಿಟಾಲ್ ಬ್ರಾಜಿಲ್ ಎಂಬವರು ಒಂದು ಹಾವಿನ ವಿಷದಿಂದ ಮಾಡಿದ ಪ್ರತಿವಿಷ ಬೇರೆ ಜಾತಿಯ ಹಾವಿಗೆ ಕೆಲಸ ಮಾಡುವುದಿಲ್ಲ ಎಂದು ತೋರಿಸಿದರು. ಅಂದರೆ ಮದ್ದು ಬೇಕಾದರೆ ಆ ಹಾವಿನದೇ ವಿಷ ಬೇಕು. ನಮ್ಮ ದೇಶದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೂ ಒಟ್ಟಿಗೆ ಆಗುವ ಒಂದೇ ಮದ್ದನ್ನು ತಯಾರಿಸುತ್ತಾರೆ. ಆಸ್ಪತ್ರೆಯವರು ಎ.ಎಸ್.ವಿ. ಎನ್ನುವುದು ಇದನ್ನೇ.

ಹಾಗಾದರೆ ವಿಷ ಎಲ್ಲಿಂದ ಬರುತ್ತದೆ? ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲತೀರದ ರಸ್ತೆಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಇರುಳರೆಂಬ ಬುಡಕಟ್ಟಿನ ಜನ ಅಲ್ಲಿ ಹಾವು ಹಿಡಿಯುವವರ ಸಹಕಾರಿ ಸಂಘವನ್ನು ನಡೆಸುತ್ತಿದ್ದಾರೆ. ಮೊದಲು ಇವರು ಚರ್ಮದ ವ್ಯಾಪಾರಿಗಳಿಗಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ನಂತರ ಆ ವ್ಯಾಪಾರ ನಿಂತು ಹೊಟ್ಟೆಗೆ ದಾರಿ ಇಲ್ಲದಾಯಿತು. ಹಾವನ್ನು ಕೊಲ್ಲುವ ಬದಲು ಅದರ ವಿಷವನ್ನು ಹಿಂಡಿ ಮಾರಿ ಬದುಕಬಹುದು ಎಂಬ ಆಲೋಚನೆಯಿಂದ, ಮದರಾಸಿನ ಮೊಸಳೆ ಉದ್ಯಾನದ ಸ್ಥಾಪಕ ರಾಮುಲಸ್ ವಿಟೇಕರ್ ಅವರ ಬೆಂಬಲದಲ್ಲಿ, 1978ರಲ್ಲಿ ಈ ಸಂಘ ಹುಟ್ಟಿತು. ಹಿಡಿದು ತಂದ ಹಾವನ್ನು ಮಣ್ಣಿನ ಮಡಕೆಯಲ್ಲಿ ಇಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಸುಮಾರು ಒಂದು ತಿಂಗಳೊಳಗೆ ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯಲ್ಲಿ ಒಂದು ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಅದೇ ಹಾವು ಬೇಗ ಮತ್ತೆ ಸಿಕ್ಕಿದರೆ ಗುರುತು ನೋಡಿ ಬಿಟ್ಟುಬಿಡುತ್ತಾರೆ. ತೆಗೆದ ವಿಷವನ್ನು ಒಣಗಿಸಿ ಪುಡಿಮಾಡಿ ಗ್ರಾಂ ಲೆಕ್ಕದಲ್ಲಿ ಔಷಧ ತಯಾರಕರಿಗೆ ಕೊಡುತ್ತಾರೆ. ಕಟ್ಟುಹಾವಿನಿಂದ ಒಂದು ಸಲಕ್ಕೆ ಸಿಗುವ ವಿಷ ತೀರ ಕಡಿಮೆ. ಹಾಗಾಗಿ ಅದಕ್ಕೆ ಬೆಲೆಯೂ ಹೆಚ್ಚು.

ದೇಶದ ಪ್ರತಿವಿಷಕ್ಕೆ ಬೇಕಾಗುವ ವಿಷದ ಬಹುಪಾಲು ಈ ಒಂದು ಸಂಘದಿಂದಲೇ ಬರುತ್ತದೆ. ವರ್ಷಕ್ಕೆ ಎಷ್ಟು ಹಾವು ಹಿಡಿಯಬಹುದು ಎಂದು ತೀರ್ಮಾನಿಸುವುದು ಸರ್ಕಾರ. ಅನುಮತಿಯ ಕಾಗದ ತಡವಾದರೆ ಹಾವು ಹಿಡಿಯುವುದೂ ತಡ, ಅದರ ಹಿಂದಿನ ಎಲ್ಲವೂ ತಡ. 2023ರಲ್ಲಿ ಇರುಳ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಎಂಬ ಇಬ್ಬರಿಗೆ ಪದ್ಮಶ್ರೀ ದೊರೆಯಿತು. ಶಾಲೆಯ ಮೆಟ್ಟಿಲು ಹತ್ತದ ಕೈಗಳ ಮೇಲೆ ಇಡೀ ದೇಶದ ಒಂದು ಔಷಧ ನಿಂತಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಮುಂದಿನ ಕೊಂಡಿ ಕುದುರೆ. ಹೈದರಾಬಾದ್, ಪುಣೆ ಮೊದಲಾದ ಕಡೆಗಳ ತಯಾರಕರು ಕುದುರೆಗಳನ್ನು ಸಾಕುತ್ತಾರೆ. ಅವಕ್ಕೆ ಅಪಾಯವಾಗದಷ್ಟು ಅತಿ ಸ್ವಲ್ಪ ವಿಷವನ್ನು ಚುಚ್ಚಿ, ದಿನಗಳ ಅಂತರದಲ್ಲಿ ಪ್ರಮಾಣವನ್ನು ಏರಿಸುತ್ತಾ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಪ್ರತಿಕಾಯಗಳು ನಿಧಾನವಾಗಿ ತಯಾರಾಗುತ್ತವೆ. ಇದಕ್ಕೆ ತಿಂಗಳುಗಳೇ ಬೇಕು. ಸಾಕಷ್ಟು ಆದವೆಂದು ಪರೀಕ್ಷೆಯಲ್ಲಿ ಕಂಡಾಗ ರಕ್ತ ತೆಗೆದು, ಅದರ ಕೆಂಪು ಕಣಗಳನ್ನು ಕುದುರೆಗೇ ಹಿಂದಿರುಗಿಸಿ, ತಿಳಿಯಾದ ಭಾಗವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಬಳಿಕ ಕುದುರೆಗೆ ವಿಶ್ರಾಂತಿ. ಕುದುರೆಗೆ ಕಾಯಿಲೆ ಬಂದರೆ ಮದ್ದಿನ ಉತ್ಪಾದನೆಗೂ ಕಾಯಿಲೆ.

ಆ ತಿಳಿಯನ್ನು ನೇರವಾಗಿ ಮನುಷ್ಯನಿಗೆ ಕೊಡುವಂತಿಲ್ಲ. ಪೆಪ್ಸಿನ್ ಎಂಬ ಜೀರ್ಣರಸದಿಂದ ಪ್ರತಿಕಾಯದ ಬಾಲದಂಥ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ವಿಷವನ್ನು ಹಿಡಿಯುವ ಭಾಗ ಉಳಿಯುತ್ತದೆ, ನಮ್ಮ ಮೈಗೆ ಒಗ್ಗದ ಭಾಗ ಬಹುಮಟ್ಟಿಗೆ ಹೋಗುತ್ತದೆ. ನಂತರ ಶುದ್ಧೀಕರಿಸಿ, ರೋಗಾಣುಗಳು ದಾಟದಂಥ ಸೂಕ್ಷ್ಮ ಜಾಲರಿಯಲ್ಲಿ ಸೋಸಿ, ಸೀಸೆಗೆ ತುಂಬಿ, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ನೀರಿನಂಶ ತೆಗೆದು ಪುಡಿಯಾಗಿಸುತ್ತಾರೆ. ಪ್ರತಿ ತಂಡದ ಮದ್ದನ್ನೂ ಇಲಿಗಳ ಮೇಲೆ ಪರೀಕ್ಷಿಸಿ, ಅದರ ಶಕ್ತಿ ನಿಯಮದ ಪ್ರಕಾರ ಇದೆಯೆಂದು ಖಚಿತವಾದ ಮೇಲೆಯೇ ಹೊರಗೆ ಬಿಡುವುದು. ಜೂನಿನಲ್ಲಿ ಹಾವು ಕಡಿತ ಹೆಚ್ಚಾಯಿತೆಂದು ಜೂನಿನಲ್ಲಿ ಕಾರ್ಖಾನೆಗೆ ಫೋನ್ ಮಾಡಿದರೆ ಹೊಸ ಮದ್ದು ಹುಟ್ಟುವುದಿಲ್ಲ. ಆ ಜೂನಿಗೆ ಬೇಕಾದುದರ ಲೆಕ್ಕ ಬಹಳ ಮೊದಲೇ ಆಗಿರಬೇಕು.

ಈಗ ಗುರ್ಕಾರರ ನಾಲ್ಕು ಸೀಸೆಯ ಲೆಕ್ಕಕ್ಕೆ ಬರೋಣ. ನಿಯಮದಂತೆ 1 ಮಿ.ಲೀ. ಪ್ರತಿವಿಷ 0.6 ಮಿ.ಗ್ರಾಂ. ಕೊಳಕುಮಂಡಲದ ವಿಷವನ್ನು ತಡೆಯಬೇಕು, ನಾಗರಹಾವಿಗೂ ಅಷ್ಟೇ. ಕಟ್ಟುಹಾವು ಮತ್ತು ಗರಗಸ ಮಂಡಲಕ್ಕೆ 0.45 ಮಿ.ಗ್ರಾಂ. ಒಂದು ಸೀಸೆಯಲ್ಲಿ 10 ಮಿ.ಲೀ., ಅಂದರೆ 6 ಮಿ.ಗ್ರಾಂ. ಮಂಡಲದ ವಿಷಕ್ಕೆ ಸಾಕಾಗುವಷ್ಟು. ಆದರೆ ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿ.ಗ್ರಾಂ. ವಿಷ ಬಿಡುತ್ತದೆ ಎಂದು ನಮ್ಮ ರಾಷ್ಟ್ರೀಯ ಚಿಕಿತ್ಸಾ ಸೂತ್ರ ಲೆಕ್ಕ ಹಿಡಿದಿದೆ. ಭಾಗಿಸಿ ನೋಡಿ. ವೈದ್ಯರು ಮೊದಲಿಗೇ 8ರಿಂದ 10 ಸೀಸೆ ಕೊಡುವುದು ಇದಕ್ಕಾಗಿ, ಬೇಕಾದರೆ ಮೇಲೆ ಇನ್ನೂ ಕೊಡುತ್ತಾರೆ. ಮಗುವಿಗೂ ಅಷ್ಟೇ ಸೀಸೆ. ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ. ನಾಲ್ಕು ಸೀಸೆ ಕೊಟ್ಟು ಮದ್ದು ಆಯಿತೆಂದು ಕುಳಿತರೆ ಉಳಿದ ವಿಷ ತನ್ನ ಕೆಲಸ ಮುಂದುವರಿಸುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಎಷ್ಟು ಶುದ್ಧ ಮಾಡಿದರೂ ಇದು ಕುದುರೆಯ ರಕ್ತದಿಂದ ಬಂದದ್ದು. ಕೆಲವರಿಗೆ ಮೈಯೆಲ್ಲ ತುರಿಕೆ, ವಾಂತಿ, ಉಸಿರುಕಟ್ಟುವುದು, ರಕ್ತದೊತ್ತಡ ಕುಸಿಯುವುದು ನಿಮಿಷಗಳಲ್ಲಿ ಆಗಬಹುದು. ಆಗ ಅಡ್ರಿನಲಿನ್ ಚುಚ್ಚುಮದ್ದು ಕೈಯಲ್ಲಿ ಹಿಡಿದ ವೈದ್ಯರು ಪಕ್ಕದಲ್ಲೇ ಇರಬೇಕು. ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ರಕ್ತನಾಳಕ್ಕೆ ಹನಿಹನಿಯಾಗಿ ಸುಮಾರು ಒಂದು ಗಂಟೆ ಕೊಡಬೇಕು. ಸೊಂಟಕ್ಕೆ ಚುಚ್ಚುವ ಮದ್ದಲ್ಲ ಇದು. ಹಾವು ಕಚ್ಚಿದ ಎಲ್ಲರಿಗೂ ಕೊಡುವುದೂ ಅಲ್ಲ. ಕೇರೆ ಹಾವು ಕಚ್ಚಿರಬಹುದು, ವಿಷದ ಹಾವೇ ಕಚ್ಚಿ ವಿಷ ಬಿಡದೆ ಹೋಗಿರಬಹುದು. ವೈದ್ಯರು ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುವುದೋ ಇಲ್ಲವೋ ಎಂದು ನೋಡುತ್ತಾರೆ. ರೆಪ್ಪೆ ಜೋಲುತ್ತದೆಯೇ, ನುಂಗಲು ಕಷ್ಟವೇ ಎಂದು ಪರೀಕ್ಷಿಸುತ್ತಾರೆ. ನರ್ಸಿಂಗ್ ಕಲಿತ ನಮ್ಮ ಮಕ್ಕಳಿಗೆ ಇದೆಲ್ಲ ಗೊತ್ತಿದೆ. ಇಗರ್ಜಿಯ ಜಗಲಿಯಲ್ಲಿ ಮಾಡತಕ್ಕದ್ದಲ್ಲ ಎಂಬುದೂ ಅವರಿಗೇ ಚೆನ್ನಾಗಿ ಗೊತ್ತಿದೆ.

ಆಸ್ಪತ್ರೆಗೆ ಸೀಸೆ ಬರುವ ದಾರಿಯನ್ನು ನೋಡೋಣ, ಏಕೆಂದರೆ ಹುಡುಗನಿಗೆ ತೊಂದರೆಯಾದದ್ದು ಅಲ್ಲಿ. ಹಾಲಿನ ಸೊಸೈಟಿಗೆ ಬೆಳಿಗ್ಗೆ ಹಾಲು ಕೊಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಯಿಂದ ಸೊಸೈಟಿ, ಸೊಸೈಟಿಯಿಂದ ಶೀತಲ ಘಟಕ, ಅಲ್ಲಿಂದ ಡೈರಿ. ನಡುವೆ ಒಂದು ಕಡೆ ಲಾರಿ ಕೆಟ್ಟರೆ ಹಾಲು ಒಡೆಯುತ್ತದೆ. ದ್ರವರೂಪದ ಪ್ರತಿವಿಷವನ್ನೂ ಹೀಗೆಯೇ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸಾಗಿಸಿ ಇಡಬೇಕು. ಕರೆಂಟು ಹೋಗುವ ಊರುಗಳ ಮಟ್ಟಿಗೆ ಪುಡಿರೂಪದ್ದು ದೊಡ್ಡ ಉಪಕಾರ. ತಂಪಾದ ಒಣ ಜಾಗದಲ್ಲಿ, ಲೇಬಲಿನಲ್ಲಿ ಹೇಳಿದ ಉಷ್ಣತೆ ಮೀರದಂತೆ ಇಟ್ಟರೆ ಕೆಲವು ವರ್ಷ ಕೆಡುವುದಿಲ್ಲ. ನೀರು ಬೆರೆಸಿದ ಮೇಲೆ ಮಾತ್ರ ಬೇಗ ಉಪಯೋಗಿಸಬೇಕು.

ಕೇರಳದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಖರೀದಿಸಲು 2007ರಲ್ಲಿ ಒಂದು ನಿಗಮ ಸ್ಥಾಪನೆಯಾಯಿತು. ತಮಿಳುನಾಡಿನಲ್ಲಿ ಅಂಥದ್ದು 1990ರ ದಶಕದಲ್ಲೇ ಇತ್ತು. ಆಸ್ಪತ್ರೆಗಳು ವರ್ಷಕ್ಕೆ ಇಷ್ಟು ಬೇಕೆಂದು ಬೇಡಿಕೆಪಟ್ಟಿ ಕಳುಹಿಸುತ್ತವೆ. ಆ ಪಟ್ಟಿ ಬರೆಯುವವರು ನೋಡುವುದು ಹಿಂದಿನ ವರ್ಷ ಎಷ್ಟು ಖರ್ಚಾಯಿತು ಎಂಬುದನ್ನು. ನಮ್ಮ ಬೈಲಿನಲ್ಲಿ ಹತ್ತು ಮಂದಿಗೆ ಹಾವು ಕಚ್ಚಿ ಏಳು ಮಂದಿ ಮಂತ್ರವಾದಿಯ ಬಳಿಗೋ ಬೇರಿನ ಮದ್ದು ಅರೆಯುವವರ ಬಳಿಗೋ ಹೋದರೆ ಆಸ್ಪತ್ರೆಯ ಪುಸ್ತಕದಲ್ಲಿ ಕಾಣುವುದು ಮೂರು. ಮುಂದಿನ ವರ್ಷ ಮೂವರಿಗಾಗುವಷ್ಟು ಸೀಸೆ ಬರುತ್ತದೆ. ಪುಸ್ತಕದಲ್ಲಿ ಇಲ್ಲದ ಕಡಿತಕ್ಕೆ ಕಪಾಟಿನಲ್ಲಿ ಮದ್ದೂ ಇಲ್ಲ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 2000ದಿಂದ 2019ರ ತನಕ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆಂದು ಲೆಕ್ಕ ಹಾಕಿತು. ಸರ್ಕಾರಿ ದಾಖಲೆಗಳಲ್ಲಿದ್ದ ಸಂಖ್ಯೆ ಇದಕ್ಕಿಂತ ತುಂಬ ಕಡಿಮೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಮನೆಯಲ್ಲೇ ಸತ್ತವರು. ಅದಕ್ಕಾಗಿಯೇ ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು, ಅದೇ ವರ್ಷ ತಮಿಳುನಾಡೂ ಹಾಗೆ ಮಾಡಿತು. ಹಾವು ಕಡಿತದ ಸಾವನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಹೊರಡಿಸಿತು. ಎಣಿಸಿದರೆ ಮಾತ್ರ ಸೀಸೆ ಬರುತ್ತದೆ ಎಂಬುದನ್ನು ದೊಡ್ಡವರೂ ಕಂಡುಕೊಂಡರು.

ಈ ಸರಪಳಿಯಲ್ಲಿ ಇನ್ನೊಂದು ಸಡಿಲ ಕೊಂಡಿ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವಿಷ ಬರುವುದು ಬಹುಪಾಲು ತಮಿಳುನಾಡಿನ ಒಂದು ಮೂಲೆಯ ಹಾವುಗಳಿಂದ. ಒಂದೇ ಜಾತಿಯ ನಾಗರಹಾವಾದರೂ ಪ್ರದೇಶ ಬದಲಾದಂತೆ ಅದರ ವಿಷದ ಗುಣ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕೆಲವು ಪ್ರದೇಶಗಳ ಹಾವಿಗೆ ಈಗಿನ ಮದ್ದು ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ. ನಮ್ಮ ಗುಡ್ಡೆಗಳಲ್ಲಿ ಇನ್ನೊಂದು ಹಾವಿದೆ: ಒಣಗಿದ ಎಲೆಯ ಬಣ್ಣ, ಮೊಳದುದ್ದವೂ ಇಲ್ಲ, ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಹಂಪ್‌ನೋಸ್ ಪಿಟ್ ವೈಪರ್ ಎಂದು ಅದರ ಹೆಸರು. ರಬ್ಬರ್ ತೋಟದ ತರಗೆಲೆಯಲ್ಲಿ ಕಾಣುವುದೇ ಇಲ್ಲ. ಇದರ ಕಡಿತದಿಂದ ರಕ್ತಸ್ರಾವ, ಮೂತ್ರಪಿಂಡದ ಹಾನಿ ಆಗಬಹುದು. ಈಗ ಸಿಗುವ ಭಾರತೀಯ ಪ್ರತಿವಿಷ ಇದಕ್ಕೆ ನಾಟುವುದಿಲ್ಲ, ಏಕೆಂದರೆ ಇದರ ವಿಷವನ್ನು ಕುದುರೆಗೆ ಚುಚ್ಚಿಯೇ ಇಲ್ಲ. ಇದು ಕಚ್ಚಿದವರನ್ನು ವೈದ್ಯರು ರಕ್ತಪರೀಕ್ಷೆ ಮಾಡುತ್ತಾ, ಬೇಕಾದರೆ ಡಯಾಲಿಸಿಸ್ ಮಾಡಿ ಕಾಪಾಡಬೇಕು. ಆದುದರಿಂದ ಇಂಥವರು ಡಯಾಲಿಸಿಸ್ ಇರುವ ಆಸ್ಪತ್ರೆಗೆ ಸೇರುವುದು ಮೇಲು.

ಹಾವಿನ ಊರು ಬೇರೆ, ಮದ್ದಿನ ಊರು ಬೇರೆ ಆದರೆ ಏನಾಗುತ್ತದೆ ಎಂಬುದನ್ನು ಆಫ್ರಿಕದ ಘಾನಾ ದೇಶದ ಒಂದು ಆಸ್ಪತ್ರೆ ಕಂಡಿತು. 2004ರಲ್ಲಿ ಅಲ್ಲಿ ಮೊದಲಿನ ಪ್ರತಿವಿಷದ ಬದಲು ಭಾರತದಲ್ಲಿ ತಯಾರಾದದ್ದನ್ನು ಉಪಯೋಗಿಸಲು ತೊಡಗಿದ ಮೇಲೆ ಸಾವಿನ ಪ್ರಮಾಣ ಹಲವು ಪಟ್ಟು ಏರಿತು. ಆಫ್ರಿಕಕ್ಕೆಂದೇ ಇದ್ದ ಫಾವ್-ಆಫ್ರಿಕ್ ಎಂಬ ಒಳ್ಳೆಯ ಮದ್ದನ್ನು ಫ್ರಾನ್ಸಿನ ತಯಾರಕರು 2014ರಲ್ಲಿ ನಿಲ್ಲಿಸಿದರು. ಕೊನೆಯ ಸೀಸೆಗಳ ಅವಧಿ 2016ರ ಜೂನಿಗೆ ಮುಗಿಯಿತು. ಕೊಳ್ಳುವವರು ಬಡ ರೈತರಾದರೆ ಇಂಥ ಔಷಧಕ್ಕೆ ಮಾರುಕಟ್ಟೆಯಲ್ಲಿ ಆಸೆಪಡುವವರು ಕಡಿಮೆ. 2024ರಲ್ಲಿ ಬೆಂಗಳೂರಿನ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ಕುದುರೆಯೇ ಬೇಡದಂತೆ ಪ್ರಯೋಗಾಲಯದಲ್ಲಿ ಒಂದು ಪ್ರತಿಕಾಯವನ್ನು ರೂಪಿಸಿ, ಇಲಿಗಳಲ್ಲಿ ನಾಗರ ಮತ್ತು ಕಟ್ಟುಹಾವಿನ ಜಾತಿಯ ವಿಷದ ಒಂದು ಮುಖ್ಯ ಅಂಶವನ್ನು ತಡೆದರೆಂದು ಪ್ರಕಟಿಸಿದರು. ಇಲಿಯಿಂದ ನಮ್ಮ ತಾಲೂಕು ಆಸ್ಪತ್ರೆಗೆ ದಾರಿ ಉದ್ದವಿದೆ.

ಉಳಿದದ್ದು ಕೊನೆಯ ಕೊಂಡಿ: ಕಚ್ಚಿದ ಜಾಗದಿಂದ ಆಸ್ಪತ್ರೆಯ ಬಾಗಿಲಿನವರೆಗೆ. ಇದು ಮಾತ್ರ ನಮ್ಮ ಕೈಯಲ್ಲಿದೆ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ಒಳಗೇ ಹಾವು ಕಚ್ಚಿದ ಪುಟ್ಟ ಹುಡುಗಿಯೊಬ್ಬಳು, ಸಮಯ ಕಳೆದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡಾಡಿ, ಉಳಿಯದೆ ಹೋದಳು. 2020ರ ಮಾರ್ಚ್–ಎಪ್ರಿಲ್‌ನಲ್ಲಿ ತಲಪಾಡಿ ಗಡಿಯಲ್ಲಿ ವಾಹನಗಳನ್ನು ತಡೆದಾಗ, ಏನಾದರೂ ಮಂಗಳೂರಿದೆ ಎಂದು ನಂಬಿ ಕುಳಿತಿದ್ದ ನಮಗೆ ಹತ್ತಿರದ ಆಸ್ಪತ್ರೆಯಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ.

ಕಚ್ಚಿದ ಕೂಡಲೇ ಕೈಕಾಲಿನ ಉಂಗುರ, ಗೆಜ್ಜೆ, ಬಳೆ ತೆಗೆಯಿರಿ. ಬಾವು ಏರಿದ ಮೇಲೆ ತೆಗೆಯಲಾಗದು. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಅಂಗವನ್ನು ಮುರಿದ ಎಲುಬಿಗೆ ಕಟ್ಟುವಂತೆ ಅಡಿಕೆ ಸಲಾಕೆಯೋ ದಬ್ಬೆಯೋ ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೊರಡಿ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬರಿಗೆ ಕಚ್ಚಿಸಿಕೊಳ್ಳುವುದು ಬೇಡ. ವಾಹನ ಇಲ್ಲದಿದ್ದರೆ 108. ರಾತ್ರಿ ನೆಲದಲ್ಲಿ ಮಲಗಿದವರು ಬೆಳಗ್ಗಿನ ಜಾವ ಹೊಟ್ಟೆನೋವೆಂದು ಎದ್ದು ರೆಪ್ಪೆ ತೆರೆಯಲು ಕಷ್ಟಪಟ್ಟರೆ, ಗಾಯ ಕಾಣದಿದ್ದರೂ, ಅಜೀರ್ಣವೆಂದು ಕಷಾಯ ಕುಡಿಸಬೇಡಿ, ಅದು ಕಟ್ಟುಹಾವಿರಬಹುದು. ಮಂಚದ ಮೇಲೆ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವವರಿಗೆ ಈ ಹಾವಿನ ಭಯ ಬಹಳ ಕಡಿಮೆ.

ಇಷ್ಟನ್ನೂ ವಿವರಿಸಿದ ಮೇಲೆ ಗುರ್ಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೂಡಿಸಿದ ಹಣ ಏನು ಮಾಡುವುದು ಫಾದರ್?” ಎಂದರು. ಎರಡನೆಯ ಕೂಟದಲ್ಲಿ ತೀರ್ಮಾನವಾಯಿತು. ಪ್ರತಿ ವಾಡೆಯಿಂದ ಇಬ್ಬರು ಮೇ ತಿಂಗಳ ಕೊನೆಯ ವಾರ ಹತ್ತಿರದ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿ, ಪ್ರತಿವಿಷ ಎಷ್ಟು ಸೀಸೆ ಇದೆ, ರಾತ್ರಿ ವೈದ್ಯರಿದ್ದಾರೆಯೇ, ಡಯಾಲಿಸಿಸ್ ಎಲ್ಲಿದೆ ಎಂದು ವಿನಯದಿಂದ ವಿಚಾರಿಸಿ ಬರೆದು ತರುವುದು, ಆಟಿಯಲ್ಲಿ ಇನ್ನೊಮ್ಮೆ ಹೋಗುವುದು. ರಾತ್ರಿ ಕರೆದರೂ ಬರುವ ಜೀಪು, ರಿಕ್ಷಾ ಚಾಲಕರ ಹೆಸರಿನ ಜೊತೆಗೆ ಆ ಪಟ್ಟಿಯನ್ನು ಇಗರ್ಜಿಯ ಬಾಗಿಲಲ್ಲಿ, ಹಾಲಿನ ಸೊಸೈಟಿಯಲ್ಲಿ ಅಂಟಿಸುವುದು. ಅರಣ್ಯ ಇಲಾಖೆಯ ‘ಸರ್ಪ’ ಎಂಬ ಮೊಬೈಲ್ ಆ್ಯಪನ್ನು ಯುವಕರು ಹಿರಿಯರ ಫೋನುಗಳಿಗೂ ಹಾಕಿಕೊಡುವುದು. ಮನೆಗೆ ಹಾವು ಹೊಕ್ಕರೆ ತರಬೇತಾದವರನ್ನು ಅದರಿಂದ ಕರೆಸಬಹುದು.

ಹಣದಿಂದ ತೋಟದ ಕೆಲಸಕ್ಕೆ ಹೋಗುವವರಿಗೆ ಮೊಣಕಾಲುದ್ದದ ಗಂಬೂಟು ಮತ್ತು ಟಾರ್ಚು. ಮೂವತ್ತೆರಡು ಜೊತೆ ಬಂದಿವೆ, ಗೋದಾಮಿನಲ್ಲಿವೆ. ಎಂಟನೆಯ ನಂಬರಿನವು ಆಗಲೇ ಮುಗಿದವು. ಹೆಂಗಸರಿಗೆ ಆಗುವ ಐದು, ಆರನೆಯ ನಂಬರಿನವು ಹಾಗೆಯೇ ಉಳಿದಿವೆ. ಹಾಳೆ ಹೆಕ್ಕುವವರು, ಸೊಪ್ಪು ತರುವವರು ಮನೆಯಲ್ಲಿ ಯಾರೆಂದು ಯೋಚಿಸಿ, ಅವರನ್ನೇ ಕರೆತಂದು ಅಳತೆ ನೋಡಿ ಒಯ್ಯಿರಿ.